ಹೊಳಿ ನೋಡಿ ದೋಣಿ: ಆನೆಗೊಂದಿಯಲ್ಲಿ ಒಂದು ಅಲ್ಯೂಮಿನಿಯಂ ಬೋಟಿನ ಕಥೆ



ನಾನು ಗಂಗಾವತಿಯಲ್ಲಿ ಒಂದು ಸಣ್ಣ ವೆಲ್ಡಿಂಗ್ ಶಾಪ್ ಇಟ್ಟುಕೊಂಡವನು. ಟ್ರ್ಯಾಕ್ಟರ್ ಟ್ರೇಲರ್, ಮನೆ ಗೇಟು, ಕಿಟಕಿ ಗ್ರಿಲ್ಲು, ಅಕ್ಕಿ ಗಿರಣಿಯವರ ರಿಪೇರಿ, ಇವೇ ನನ್ನ ದಿನದ ಕೆಲಸ. ಮೂಲ ಊರು ಆನೆಗೊಂದಿ. ಗಂಗಾವತಿಯಿಂದ ಹತ್ತು ಹನ್ನೆರಡು ಕಿಲೋಮೀಟರ್. ನಮ್ಮ ಮನೆತನ ಅಂಬಿಗರದು. ಅಜ್ಜ ಹೊಳೆಯಲ್ಲೇ ಬದುಕಿದ. ಅಪ್ಪ ಹೊಳೆ ಬಿಟ್ಟು ಗಾರೆ ಕೆಲಸಕ್ಕೆ ಹೋದ. ಹೊಳೆ ಬಿಡದೇ ಉಳಿದವನು ನಮ್ಮ ಕಾಕಾ ಒಬ್ಬನೇ. ಹರಿಗೋಲು ಹೆಣೆಯುವುದು, ಅದರಲ್ಲಿ ಕೂತು ಬಲೆ ಬಿಡುವುದು, ಎರಡೂ ಅವನಿಗೆ ಗೊತ್ತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅವನಿಗಾಗಿ ನಾನು ಕಟ್ಟಿದ ಒಂದು ಅಲ್ಯೂಮಿನಿಯಂ ಬೋಟಿನ ಕಥೆ. ಮೊದಲೇ ಹೇಳಿಬಿಡ್ತೀನಿ, ಬೋಟು ಚೆನ್ನಾಗೇ ಆಯಿತು. ಆದರೆ ಕಾಕಾಗೆ ಬೇಕಾಗಿದ್ದು ಅದಲ್ಲ ಅಂತ ಗೊತ್ತಾಗಲಿಕ್ಕೆ ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಶುರುವಾಗಿದ್ದು ಕಾಕಾನ ಬಲಭುಜದಿಂದ. ಹರಿಗೋಲು ನೋಡಿದವರಿಗೆ ಗೊತ್ತಿರುತ್ತೆ, ಅದಕ್ಕೆ ಮುಂದು ಇಲ್ಲ, ಹಿಂದು ಇಲ್ಲ, ದುಂಡಗೆ ಬುಟ್ಟಿಯ ಹಾಗೆ. ಅದನ್ನು ನಡೆಸುವವನು ಮುಂದಿನ ಅಂಚಿಗೆ ಕೂತು, ಹುಟ್ಟನ್ನು ನೀರಿನಲ್ಲಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಸ್ವಲ್ಪ ತಪ್ಪಿದರೂ ಗಿರ್ರನೆ ತಿರುಗುತ್ತೆ. ನಲವತ್ತು ವರ್ಷ ಹಾಗೆ ಎಳೆದ ಭುಜ ಕಾಕಾನದು. 2023ರ ದಸರಾ ಹೊತ್ತಿಗೆ ಕೈ ಮೇಲೆ ಎತ್ತಲಿಕ್ಕೇ ಆಗಲಿಲ್ಲ. ಡಾಕ್ಟರು ಹುಟ್ಟು ಹಾಕಬೇಡಿ ಅಂದರು. ಕಾಕಾ ಏನೂ ಮಾತಾಡಲಿಲ್ಲ. ಹರಿಗೋಲನ್ನು ಮನೆ ಹಿಂದಿನ ಗೋಡೆಗೆ ಬೋರಲು ಹಾಕಿದ. ಅಷ್ಟೇ.

ಒಂದು ತಿಂಗಳಾದ ಮೇಲೆ ನಮ್ಮ ಚಿಗವ್ವ ಶಾಪಿಗೆ ಫೋನ್ ಮಾಡಿದಳು. "ತಮ್ಮಾ, ನಿಮ್ಮ ಕಾಕಾ ದಿನಾ ಹೊಳಿ ದಂಡಿಗೆ ಹೋಗಿ ಕುಂದ್ರತಾನ. ಊಟಕ್ಕ ಕರದ್ರೂ ಬರೂದಿಲ್ಲ. ನೀ ಒಂದೀಟು ಬಂದು ಮಾತಾಡು" ಅಂದಳು.

ಮಾತಾಡಲಿಕ್ಕೆ ನನಗೆ ಬರುವುದಿಲ್ಲ. ಕಬ್ಬಿಣ ಕೂಡಿಸಲಿಕ್ಕೆ ಬರುತ್ತೆ. ಹಾಗಾಗಿ ಏನಾದರೂ ಮಾಡಿಕೊಡೋಣ ಅಂದುಕೊಂಡೆ.

ರಾತ್ರಿ ಮೊಬೈಲಿನಲ್ಲಿ ದೋಣಿ ವಿಡಿಯೋ ನೋಡುತ್ತಾ ನೋಡುತ್ತಾ ಅಮೆರಿಕದವರ ಡ್ರಿಫ್ಟ್ ಬೋಟ್ ಕಣ್ಣಿಗೆ ಬಿತ್ತು. ಅಲ್ಲಿ ಒರೆಗಾನ್ ಅಂತ ಒಂದು ರಾಜ್ಯ ಇದೆ. ಅಲ್ಲಿನ ಮೆಕೆಂಜಿ ನದಿಯಲ್ಲಿ, ಬಂಡೆಗಳ ನಡುವೆ ಜೋರಾಗಿ ಹರಿಯುವ ನೀರಿನಲ್ಲಿ ಮೀನು ಹಿಡಿಯಲಿಕ್ಕೆ ಅಂತ ಬೆಳೆದು ಬಂದ ದೋಣಿ ಅದು. ಮೊದಲು ಕಟ್ಟಿಗೆಯಲ್ಲಿ ಮಾಡುತ್ತಿದ್ದರು, ಆಮೇಲೆ ಅಲ್ಯೂಮಿನಿಯಂ ಬಂತು. ತಳ ಚಪ್ಪಟೆ. ಎರಡೂ ತುದಿ ಬಾಳೆಹಣ್ಣಿನ ಹಾಗೆ ಮೇಲಕ್ಕೆ ಬಾಗಿರುತ್ತೆ. ಹಾಗಾಗಿ ನಡುಭಾಗ ಮಾತ್ರ ನೀರಿಗೆ ತಾಗುತ್ತೆ, ನಿಂತಲ್ಲೇ ತಿರುಗಿಸಬಹುದು.

ಇನ್ನೊಂದು ವಿಶೇಷ ಏನೆಂದರೆ, ಸಾಮಾನ್ಯ ದೋಣಿಯಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ. ಇದರಲ್ಲಿ ಮುಖ ಮಾಡಿ ಕೂರುತ್ತಾನೆ. ನೀರು ದೋಣಿಯನ್ನು ಕೆಳಕ್ಕೆ ಒಯ್ಯುತ್ತಾ ಇರುತ್ತೆ, ಇವನು ಎರಡೂ ಹುಟ್ಟನ್ನು ಹಿಂದಕ್ಕೆ ಎಳೆದು ಅದರ ವೇಗ ಕಮ್ಮಿ ಮಾಡುತ್ತಾನೆ. ಬಂಡೆ ಬಂದರೆ ದೋಣಿಯ ಮೂತಿಯನ್ನು ಓರೆ ಮಾಡಿ ಹಿಂದಕ್ಕೆ ಎಳೆದರೆ ಸಾಕು, ಪಕ್ಕಕ್ಕೆ ಸರಿಯುತ್ತೆ.

ನನಗೆ ಅನಿಸಿತು, ಇದೇ ಸರಿ. ಎರಡೂ ಕೈ ಸಮ, ಬೆನ್ನಿನ ಬಲದಿಂದ ಎಳೆಯೋದು, ಒಂದೇ ಭುಜದ ಮೇಲೆ ಭಾರ ಇಲ್ಲ. ಕಾಕಾ ಆರಾಮಾಗಿ ಸೀಟಿನ ಮೇಲೆ ಕೂತು ಮತ್ತೆ ಹೊಳೆಗೆ ಇಳಿಯಬಹುದು.

ಕೆಲಸಕ್ಕೆ ಕೈ ಹಾಕಿದೆ. ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು ಹೇಳ್ತೀನಿ, ಯಾರಾದರೂ ಮನೆಯಲ್ಲಿ ಮಾಡುವವರಿದ್ದರೆ ಉಪಯೋಗ ಆಗಬಹುದು.

ಅಲ್ಯೂಮಿನಿಯಂ ಅಂದರೆ ಎಲ್ಲಾ ಒಂದೇ ಅಲ್ಲ. ಪಾತ್ರೆಗೆ ಬಳಸುವುದು ಮೆತ್ತಗೆ. ಕಿಟಕಿ ಸೆಕ್ಷನ್ನಿಗೆ ಬಳಸುವುದು ಬೇರೆ. ದೋಣಿಗೆ ಬೇಕಾದ್ದು ಮೆಗ್ನೀಸಿಯಂ ಬೆರೆಸಿದ್ದು, 5052 ಅಥವಾ 5083 ಅಂತ ನಂಬರ್ ಇರುತ್ತೆ. ನಾನು 5052 ತರಿಸಿದೆ. ಮೂರು ಎಂಎಂ ದಪ್ಪ, ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆ. ಒಂದು ಹಾಳೆ 24 ಕೆ.ಜಿ. ಚಿಲ್ಲರೆ ತೂಗುತ್ತೆ. ಅಷ್ಟೇ ಅಳತೆಯ ಕಬ್ಬಿಣದ ಹಾಳೆ ಆಗಿದ್ದರೆ 70 ಕೆ.ಜಿ. ಬರುತ್ತಿತ್ತು. ಹನ್ನೆರಡು ಅಡಿ ಬೋಟಿಗೆ ನಾಲ್ಕು ಹಾಳೆ ಹಿಡಿಯಿತು.

ಮೊದಲು ರಟ್ಟಿನಲ್ಲಿ ಸಣ್ಣ ಮಾದರಿ ಮಾಡಿದೆ. ಇದನ್ನು ಯಾರೂ ಬಿಡಬಾರದು. ರಟ್ಟಿನಲ್ಲಿ ಅಂಚು ಅಂಚಿಗೆ ಕೂಡದೇ ಇದ್ದರೆ ಲೋಹದಲ್ಲೂ ಕೂಡುವುದಿಲ್ಲ.

ಅಲ್ಯೂಮಿನಿಯಂ ವೆಲ್ಡಿಂಗು ಕಬ್ಬಿಣದ ಹಾಗಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ಆಕ್ಸೈಡ್ ಪೊರೆ ಇರುತ್ತೆ. ಒಳಗಿನ ಲೋಹ 660 ಡಿಗ್ರಿಗೆ ಕರಗಿದರೆ, ಆ ಪೊರೆ ಕರಗಲಿಕ್ಕೆ ಎರಡು ಸಾವಿರ ಡಿಗ್ರಿ ದಾಟಬೇಕು. ಪೊರೆ ತೆಗೆಯದೇ ಶಾಖ ಕೊಟ್ಟರೆ ಒಳಗೆ ನೀರಾಗಿ, ಮೇಲೆ ಹಾಗೇ ನಿಂತಿರುತ್ತೆ, ನೋಡ ನೋಡುತ್ತಾ ತೂತು ಬೀಳುತ್ತೆ. ಅದಕ್ಕೇ ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಬೇಕು, ಅದೇ ಬ್ರಷ್ಷನ್ನು ಕಬ್ಬಿಣಕ್ಕೆ ಮುಟ್ಟಿಸಬಾರದು. ಎಸಿ ಟಿಗ್ ಮಷೀನು, ಆರ್ಗಾನ್ ಗ್ಯಾಸು ಬೇಕು. ಫ್ಯಾನ್ ಹಾಕಿಕೊಂಡರೆ ಗ್ಯಾಸ್ ಹಾರಿಹೋಗಿ ಬೆಸುಗೆ ಜೊಳ್ಳಾಗುತ್ತೆ. ಗಂಗಾವತಿಯ ಸೆಕೆಯಲ್ಲಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ ಕೆಲಸ ಮಾಡಿದ್ದು ನಾನೇ ಬಲ್ಲೆ.

ಮೊದಲನೇ ತಪ್ಪು ತಳದಲ್ಲಿ ಆಯಿತು. ಉತ್ಸಾಹದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಲ ಎಳೆದುಬಿಟ್ಟೆ. ಶಾಖಕ್ಕೆ ಹಾಳೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಬಿಚ್ಚಿ, ಮತ್ತೆ ಗೇಣಿಗೊಂದು ಚುಕ್ಕೆ ಹಾಕಿ, ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಬೆಸೆಯುತ್ತಾ ಹೋದ ಮೇಲೆ ಸಮ ಬಂತು. ಸೋರಿಕೆ ನೋಡಲಿಕ್ಕೆ ಹಳೇ ಉಪಾಯ: ಹೊರಗೆ ಸುಣ್ಣ ಬಳಿದು, ಒಳಗಿಂದ ಸೀಮೆಎಣ್ಣೆ ಸವರುವುದು. ಎಲ್ಲಿ ಸೂಜಿ ಮೊನೆಯಷ್ಟು ಸಂದಿ ಇದ್ದರೂ ಸುಣ್ಣದ ಮೇಲೆ ಕಲೆ ಮೂಡುತ್ತೆ. ಹನ್ನೊಂದು ಕಡೆ ಮೂಡಿತು. ಹನ್ನೊಂದನ್ನೂ ಕೆರೆದು, ಎಣ್ಣೆ ಒರೆಸಿ, ಮತ್ತೆ ಬೆಸೆದೆ.

ಸೀಟುಗಳ ಕೆಳಗೆ ಡಬ್ಬಿ ಮಾಡಿ ಥರ್ಮಾಕೋಲ್ ತುಂಬಿದೆ. ಲೋಹದ ದೋಣಿಗೆ ಇದು ಬೇಕೇ ಬೇಕು, ಯಾಕೆಂದರೆ ನೀರು ತುಂಬಿದರೆ ಲೋಹ ಮುಳುಗುತ್ತೆ. ಹುಟ್ಟಿಗೆ ನೀಲಗಿರಿ ಗಳ. ಕಬ್ಬಿಣದ ಬೋಲ್ಟು ನೇರವಾಗಿ ಅಲ್ಯೂಮಿನಿಯಂಗೆ ತಾಗಿ ನೀರಲ್ಲಿ ನೆನೆದರೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ಅದಕ್ಕೆ ನಡುವೆ ರಬ್ಬರ್ ವಾಶರ್ ಕೊಟ್ಟೆ. ಎಲ್ಲಾ ಸೇರಿ 130 ಕೆ.ಜಿ. ಹತ್ತಿರ ಬಂತು.

ಸಂಕ್ರಾಂತಿ ಕಳೆದು ಟ್ರೇಲರಿನಲ್ಲಿ ಹೇರಿಕೊಂಡು ಆನೆಗೊಂದಿಗೆ ಹೋದೆ.

ಕಾಕಾ ಸುತ್ತಲೂ ತಿರುಗಿ ನೋಡಿದ. ಬೆಸುಗೆ ಮೇಲೆ ಬೆರಳಾಡಿಸಿದ. "ಕೆಲಸ ಚಲೋ ಮಾಡಿದಿ ತಮ್ಮಾ" ಅಂದ. ನಾನು ಮೊಬೈಲ್ ತೆಗೆದು ಅಮೆರಿಕದ ವಿಡಿಯೋ ತೋರಿಸಿದೆ. ಹೆಂಗೆ ಹಿಂದಕ್ಕೆ ಎಳೆಯಬೇಕು ಅಂತ ವಿವರಿಸಲಿಕ್ಕೆ ಹೋದೆ. ಅರ್ಧ ನಿಮಿಷ ನೋಡಿ ನನ್ನನ್ನು ತಡೆದ. "ಗೊತ್ತಾತು ಬಿಡು. ಅವ ನೀರಿನ ಜೋಡಿ ಜಗಳಾ ಆಡವಲ್ಲ. ನೀರು ಒಯ್ತೈತಿ, ಇವ ಎಲ್ಲಿ ಅಂತ ಹೇಳ್ತಾನ. ನಮ್ಮ ಹರಗೋಲೂ ಹಂಗ ಅಲ್ಲೇನು?"

ನಾನು ಆಗ ನಕ್ಕು ಸುಮ್ಮನಾದೆ. ಬುಟ್ಟಿಗೂ ಇದಕ್ಕೂ ಏನು ಹೋಲಿಕೆ ಅಂತ. ಆದರೆ ಆಮೇಲೆ ಯೋಚನೆ ಮಾಡಿದರೆ ಕಾಕಾ ಹೇಳಿದ್ದು ಪೂರ್ತಿ ನಿಜ. ಎರಡರದೂ ತಳ ಚಪ್ಪಟೆ. ಎರಡೂ ಗೇಣುದ್ದ ನೀರಲ್ಲಿ ತೇಲುತ್ತವೆ. ಎರಡನ್ನೂ ನಿಂತಲ್ಲೇ ತಿರುಗಿಸಬಹುದು. ಎರಡೂ ವೇಗಕ್ಕಲ್ಲ, ಬಂಡೆ ತಪ್ಪಿಸಲಿಕ್ಕೆ ಹುಟ್ಟಿದ್ದು. ಅವರ ಊರಿನ ಹೊಳೆಗೂ ನಮ್ಮ ಊರಿನ ಹೊಳೆಗೂ ಬಂಡೆಗಳದ್ದೇ ತೊಂದರೆ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಉತ್ತರಕ್ಕೆ ಬಂದಿದ್ದಾರೆ. ವ್ಯತ್ಯಾಸ ಇಷ್ಟೇ, ನಮ್ಮ ಉತ್ತರ ಬಹಳ ಹಳೆಯದು.

ಎಷ್ಟು ಹಳೆಯದು ಅಂದರೆ, ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದಿದ್ದ. ಆನೆಗೊಂದಿಗೆ ದಾಟುವ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತು ಕೂಡ, ಆದರೆ ಅದು ಸದಾ ಸುತ್ತುತ್ತಲೇ ಇರುತ್ತೆ ಅಂತ ಆತ ಬರೆದಿಟ್ಟಿದ್ದಾನೆ. ಐನೂರು ವರ್ಷದ ಹಿಂದೆ! ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ಕು, ಡಾಂಬರು ಬಂದಿದೆ. ಬೇರೆ ಏನೂ ಬದಲಾಗಿಲ್ಲ.

ಹೋಗಲಿ, ಬೋಟಿನ ಕಥೆಗೆ ಬರೋಣ.

ನೀರಿಗೆ ಇಳಿಸಿದೆವು. 2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ಹೊಳೆಯಲ್ಲಿ ನೀರು ಕಮ್ಮಿ, ಬಂಡೆಗಳೆಲ್ಲಾ ಬೆನ್ನು ತೋರಿಸಿಕೊಂಡು ಮಲಗಿದ್ದವು. ಕಾಕಾ ಸೀಟಿನ ಮೇಲೆ ಕೂತು ಎರಡೂ ಕೈಯಲ್ಲಿ ಹುಟ್ಟು ಹಿಡಿದ. ಐದು ನಿಮಿಷದಲ್ಲಿ ಅವನಿಗೆ ಒಲಿಯಿತು. ಭುಜ ನೋವಿಲ್ಲ ಅಂದ. ದಂಡೆಯಲ್ಲಿ ನಿಂತ ಚಿಗವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೆ ಆ ದಿನ ಹೊಟ್ಟೆ ತುಂಬಿದ ಹಾಗೆ ಆಗಿತ್ತು.

ಆದರೆ ಎರಡು ತಿಂಗಳಲ್ಲಿ ಒಂದೊಂದೇ ಮಾತು ಹೊರಗೆ ಬಂತು. ಕಾಕಾ ದೂರುವ ಮನುಷ್ಯ ಅಲ್ಲ. ಕೇಳಿ ಕೇಳಿ ಹೊರಡಿಸಬೇಕಾಯಿತು.

ಮೊದಲನೆಯದು ಸದ್ದು. ಹುಟ್ಟು ಅಂಚಿಗೆ ತಾಗಿದರೆ ಠಣ್, ಕಾಲು ಎಳೆದರೆ ಗರ್, ಬಂಡೆಗೆ ಸವರಿದರೆ ಇಡೀ ಹೊಳೆಗೆ ಕೇಳುತ್ತೆ. "ತಮ್ಮಾ, ಇದು ದೋಣಿ ಅಲ್ಲೋ, ಗುಡಿ ಗಂಟಿ" ಅಂದ. ಸಂಜೆ ಹೊತ್ತು ನಿಂತ ನೀರಿನಲ್ಲಿ ಬಾಳೆಮೀನು ಮೇಲಕ್ಕೆ ಬರುವ ಹೊತ್ತಿಗೆ ಸದ್ದಾದರೆ ಮುಗಿಯಿತು. ನಮ್ಮ ಈ ಭಾಗ ನೀರುನಾಯಿಗಳ ಜಾಗ ಬೇರೆ. ತುಂಗಭದ್ರಾ ಡ್ಯಾಂನಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದೆ. ಹರಿಗೋಲು ಪಕ್ಕದಲ್ಲಿ ಹೋದರೂ ತಲೆ ಎತ್ತಿ ನೋಡಿ ತಮ್ಮ ಪಾಡಿಗೆ ಮೀನು ತಿನ್ನುವ ನೀರುನಾಯಿಗಳು, ನನ್ನ ಬೋಟಿನ ಸದ್ದಿಗೆ ಬಂಡೆ ಸಂದಿಗೆ ಓಡುತ್ತಿದ್ದವು. "ಅವು ಇದ್ದಲ್ಲೇ ಮೀನು ಇರ್ತಾವ. ಅವನ್ನ ಓಡಿಸಿ ನಾವೇನು ಹಿಡಿಯೂದು?" ಅನ್ನೋದು ಕಾಕಾನ ಲೆಕ್ಕ.

ಎರಡನೆಯದು ಬಿಸಿಲು. ಮಾರ್ಚ್ ಬಂತು ಅಂದರೆ ನಮ್ಮ ಕಡೆ ಹೇಗಿರುತ್ತೆ ಗೊತ್ತಲ್ಲ. ಹತ್ತು ಗಂಟೆ ಮೇಲೆ ಬೋಟಿನ ಅಂಚು ಮುಟ್ಟಿದರೆ ರೊಟ್ಟಿ ಹಂಚು. ಗೋಣಿಚೀಲ ಹಾಸಿ, ನೀರು ಚಿಮುಕಿಸಿ ಕೂರಬೇಕು.

ಮೂರನೆಯದು ತೂಕ. ಬೇಸಿಗೆಯಲ್ಲಿ ಹೊಳೆ ಒಂದೇ ಹೊಳೆಯಾಗಿ ಹರಿಯುವುದಿಲ್ಲ. ಒಂದು ಮಡು, ಆಮೇಲೆ ಬಂಡೆ, ಮತ್ತೊಂದು ಮಡು. ಹರಿಗೋಲು ಆದರೆ ಇಳಿದು ತಲೆ ಮೇಲೆ ಬೋರಲು ಹಾಕಿಕೊಂಡು ಆಚೆ ಮಡುವಿಗೆ ನಡೆದುಬಿಡಬಹುದು. ದೂರದಿಂದ ನೋಡಿದರೆ ಆಮೆ ಎರಡು ಕಾಲ ಮೇಲೆ ನಡೆದ ಹಾಗೆ. 130 ಕೆ.ಜಿ. ಬೋಟನ್ನು ಯಾರು ಹೊರಬೇಕು? ಕಾಕಾ ಒಂದೇ ಮಡುವಿನಲ್ಲಿ ಸಿಕ್ಕಿಹಾಕಿಕೊಂಡ.

ನಾನು ಪ್ರತಿಯೊಂದಕ್ಕೂ ಪರಿಹಾರ ಹುಡುಕಿದೆ. ಅಂಚಿಗೆ ರಬ್ಬರ್ ಪಟ್ಟಿ ಹಾಕಿದೆ, ತಳಕ್ಕೆ ಮ್ಯಾಟ್ ಹಾಸಿದೆ, ಎರಡು ಗಾಲಿ ಕಟ್ಟಿದೆ. ಪ್ರತಿ ಪರಿಹಾರವೂ ಎರಡು ಮೂರು ಕೆ.ಜಿ. ಕೂಡಿಸಿತು.

ಆಮೇಲೆ ಆಗಸ್ಟ್ 10 ಬಂತು. 2024ರದು.

ಆ ರಾತ್ರಿ ನಮ್ಮ ಭಾಗದಲ್ಲಿ ಯಾರೂ ಮರೆಯುವುದಿಲ್ಲ. ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 1953ರಲ್ಲಿ ನೀರು ನಿಲ್ಲಿಸಲಿಕ್ಕೆ ಶುರು ಮಾಡಿದ ಡ್ಯಾಂ ಅದು. ಡ್ಯಾಂ ತುಂಬಿತ್ತು. ಅದರ ಮೇಲಿನ ಒತ್ತಡ ಇಳಿಸಲಿಕ್ಕೆ ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹೊಳೆಗೆ ಒಂದು ಲಕ್ಷ ಕ್ಯೂಸೆಕ್ ಸುತ್ತಮುತ್ತ ನೀರು ಬಿಟ್ಟರು. ನಾವು ಇರುವುದು ಡ್ಯಾಂನ ಕೆಳಗೆ. ಜುಲೈ ಕೊನೆಗೆ ಒಮ್ಮೆ ಹೊಳೆ ತುಂಬಿ ಇಳಿದಿತ್ತು ಅಂತ ನಾನು ಬೋಟನ್ನು ಮತ್ತೆ ದಂಡೆಗೆ ತಂದು ಇಟ್ಟಿದ್ದೆ. ಬುದ್ಧಿ ನೋಡಿ.

ನಡುರಾತ್ರಿ ಕಾಕಾ ಫೋನ್ ಮಾಡಿದ. "ಗೇಟ್ ಹೋಗೇತಂತ. ಲಗೂನ ಬಾ" ಅಂದ. ನಾನು ಬೈಕ್ ಹತ್ತಿ ಹೋದೆ. ದಂಡೆಯಲ್ಲಿ ಬ್ಯಾಟರಿ ಬೆಳಕು ಓಡಾಡುತ್ತಿತ್ತು. ಹುಡುಗರು ಹರಿಗೋಲುಗಳನ್ನು ಒಬ್ಬೊಬ್ಬರೇ ತಲೆ ಮೇಲೆ ಹಾಕಿಕೊಂಡು ಊರೊಳಗೆ ನಡೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ದಂಡೆ ಖಾಲಿ. ಉಳಿದಿದ್ದು ನನ್ನದೊಂದೇ. ಕೆಸರಿಗೆ ಟ್ರೇಲರ್ ಇಳಿಯಲಿಲ್ಲ. ಆರು ಜನ ಎಳೆದೆವು, ಗಾಲಿ ಹೂತುಹೋಯಿತು. ಕಾಕಾ ಹತ್ತಿರ ಬಂದು ನನ್ನ ರಟ್ಟೆ ಹಿಡಿದ. "ಬಿಡೋ. ಬೇವಿನ ಮರಕ್ಕ ಕಟ್ಟಿ ಬಾ. ತಗಡು ಮತ್ತ ತರಬಹುದು" ಅಂದ. ಎರಡು ಹಗ್ಗ ಬಿಗಿದು ಬಂದೆವು.

ರಾತ್ರಿಯೆಲ್ಲಾ ಅದು ಮರಕ್ಕೆ ಬಡಿಯುವ ಸದ್ದು ಮನೆ ತನಕ ಕೇಳುತ್ತಿತ್ತು. ಠಣ್, ಠಣ್. ನಾನು ನಿದ್ದೆ ಮಾಡಲಿಲ್ಲ. ಕಾಕಾನೂ ಮಾಡಲಿಲ್ಲ. ಕತ್ತಲಲ್ಲಿ ಕೂತು ಅವನು ಮಾತಾಡಲಿಕ್ಕೆ ಶುರು ಮಾಡಿದ. ಅಷ್ಟು ಉದ್ದ ಅವನು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಸೇತುವೆ ವಿಷಯ ತೆಗೆದ. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿ ನಡೆಯುವಾಗಲೇ ಕುಸಿದು ಕೂಲಿಕಾರರು ಜೀವ ಕಳೆದುಕೊಂಡರು. ಆ ಮೇಲೂ ಎಷ್ಟೋ ವರ್ಷ ಈ ದಂಡೆಯಿಂದ ಆ ದಂಡೆಗೆ ಜನ, ಸೈಕಲ್ಲು, ಬೈಕು ಎಲ್ಲಾ ಹರಿಗೋಲಿನಲ್ಲೇ ದಾಟಿದವು. "ಆವಾಗ ಎಲ್ಲಾರಿಗೂ ನಾವು ಬೇಕಾಗಿದ್ವಿ. ಈಗ ಕಡೇಬಾಗಿಲು ಕಡೆ ಸೇತುವಿ ಆತು. ಚಲೋನ ಆತು, ಬಸುರಿ ಹೆಂಗಸರು, ಸಾಲಿ ಹುಡುಗರು ಹೊಳಿ ದಾಟಾಕ ಜೀವಾ ಕೈಯಾಗ ಹಿಡಿಯೂದು ತಪ್ಪಿತು. ಆದ್ರ ಹೆಣಿಯವರು ಉಳೀಲಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದ: "ನೀ ಅಮೇರಿಕಾದ ದೋಣಿ ಕಟ್ಟಾಕ ಮೂರು ತಿಂಗಳು ಫೋನ್ ನೋಡಿದಿ. ನಂದು ಹೆಂಗ ಕಟ್ತಾರ ಅಂತ ಒಂದಿನ ಕೇಳಲಿಲ್ಲ."

ಬೈಯಲಿಲ್ಲ ಅವನು. ಸಹಜವಾಗೇ ಹೇಳಿದ. ಅದೇ ನನಗೆ ಹೆಚ್ಚು ನಾಟಿತು.

ಮುಂಜಾನೆ ನೋಡಿದರೆ ಬೋಟು ಮರಕ್ಕೆ ಅಂಟಿಕೊಂಡು ನಿಂತಿತ್ತು. ಪಕ್ಕೆ ಒಳಗೆ ಹೋಗಿತ್ತು, ತಳದ ಬೆಸುಗೆಯ ಪಕ್ಕದಲ್ಲಿ ಒಂದು ಮೊಳ ಬಿರುಕು. ಬೆಸುಗೆ ಬಿಟ್ಟಿರಲಿಲ್ಲ, ಅದರ ಪಕ್ಕ ಶಾಖಕ್ಕೆ ಮೆತ್ತಗಾದ ಜಾಗ ಬಿಟ್ಟಿತ್ತು. ಅಲ್ಯೂಮಿನಿಯಂ ಗುಣವೇ ಅದು. ಡ್ಯಾಂನವರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಲೋಹದ ಕೆಲಸ ಮಾಡುವವನಾಗಿ ಅದಕ್ಕೆ ನಾನು ಕೈ ಮುಗಿದೆ. ನನ್ನ ಬೋಟನ್ನು ಮಾತ್ರ ಶಾಪಿನ ಮೂಲೆಗೆ ಹಾಕಿದೆ.

ದೀಪಾವಳಿ ಮುಗಿದ ಮೇಲೆ ಕಾಕಾನ ಮನೆಯಂಗಳದಲ್ಲಿ ಬಿದಿರು ಇಳಿಸಿದೆವು. ಪ್ರತಿ ಭಾನುವಾರ ಹೋಗಿ ಕೂತೆ. ಕಾಕಾ ಮಂಚದ ಮೇಲೆ ಕೂತು ಹೇಳುವುದು, ನಾನು ಮಾಡುವುದು.

ಮೊದಲು ಬಿದಿರು ಸೀಳುವುದು. ಹಸಿ ಇರಬೇಕು, ಒಣಗಿದ್ದು ಬಗ್ಗಿಸಿದರೆ ಮುರಿಯುತ್ತೆ. ಬುಡದಿಂದ ಸೀಳುವುದೋ ತುದಿಯಿಂದಲೋ, ಎಷ್ಟು ತೆಳ್ಳಗೆ, ಸಿಪ್ಪೆಯ ಮಗ್ಗಲು ಯಾವ ಕಡೆ, ಎಲ್ಲಕ್ಕೂ ಲೆಕ್ಕ ಇದೆ. ದಬ್ಬೆಗಳನ್ನು ನೆಲದ ಮೇಲೆ ಅಡ್ಡ ಉದ್ದ ಹರಡಿ ನಡುವಿನಿಂದ ಹೆಣೆಯುತ್ತಾ ಹೋಗಬೇಕು. ತಳ ಆದ ಮೇಲೆ ಅದರ ಮೇಲೆ ದಪ್ಪ ಕಲ್ಲು ಹೇರಿ, ಸುತ್ತಲ ತುದಿಗಳನ್ನು ಮೇಲಕ್ಕೆ ಬಗ್ಗಿಸಬೇಕು. ಕಲ್ಲು ಸರಿಯಾಗಿ ಕೂರದಿದ್ದರೆ ತಳ ಗುಂಡಗಾಗುತ್ತೆ, ಗುಂಡಗಾದರೆ ನೀರಲ್ಲಿ ಹೊರಳುತ್ತೆ. ಆಮೇಲೆ ಬಾಯಿಗೆ ದಬ್ಬೆಗಳನ್ನು ಹುರಿ ಮಾಡಿದ ಹಾಗೆ ಸುತ್ತಿ ದಪ್ಪ ಅಂಚು ಕಟ್ಟುವುದು. ಕೊನೆಗೆ ಹೊರಗೆ ಗೊಬ್ಬರದ ಚೀಲಗಳ ಪ್ಲಾಸ್ಟಿಕ್ ಹೊಲಿದು ಹೊದಿಸಿ, ಡಾಂಬರು ಕಾಯಿಸಿ ಬಳಿಯುವುದು. ಹೊಲಿಗೆ ಚಿಗವ್ವನದು. ಅದನ್ನು ಬೇರೆಯವರಿಗೆ ಅವಳು ಮುಟ್ಟಗೊಡಲಿಲ್ಲ.

ನಾನು ಟೇಪು ಹಿಡಿದು ಅಳತೆ ಬರೆದುಕೊಳ್ಳುತ್ತಿದ್ದೆ. "ಅಗಲ ಎಷ್ಟು ಕಾಕಾ?" "ನಾಕು ಮೊಳ." "ಯಾರ ಮೊಳ? ನಂದೋ ನಿಂದೋ?" "ಯಾರು ಕುಂದ್ರತಾರೋ ಅವರ ಮೊಳ." ಮೊದಲು ತಮಾಷೆ ಅಂದುಕೊಂಡೆ. ಅಲ್ಲ. ಕೂರುವವನ ಕೈ ಅಂಚು ದಾಟಿ ನೀರಿಗೆ ಮುಟ್ಟಬೇಕು, ಕಾಲು ಮಡಚಿದರೆ ಮಂಡಿ ಅಂಚಿಗೆ ಆನಬೇಕು. ಅಂಗಿಯ ಹಾಗೆ, ಮೈಗೆ ಹೊಲಿಯುವ ದೋಣಿ ಅದು. ಎತ್ತರ ಎರಡೂವರೆ ಗೇಣು. ಅದೂ ಅವರ ಗೇಣೇ.

ಮೂರನೇ ಭಾನುವಾರ ನನ್ನ ಬೆರಳುಗಳೆಲ್ಲಾ ಬಿದಿರಿನ ಸಿಬಿರು. ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ಕೈ ಅದು, ಆದರೂ ಕಾಕಾನ ಮುಂದೆ ಬಾಲವಾಡಿ ಹುಡುಗನ ಕೈ. ಒಂದು ಕಡೆ ಹೆಣಿಗೆ ಸಡಿಲ ಬಂತು. ನನಗೆ ಕಾಣಲಿಲ್ಲ. ಕಾಕಾ ಮಂಚದಿಂದಲೇ, "ಆ ಮೂಲ್ಯಾಗ ಗಾಳಿ ಐತಿ ನೋಡು, ಬಿಚ್ಚು" ಅಂದ. ಬಿಚ್ಚಿದೆ.

ಹೆಣೆಯುತ್ತಾ ಹೆಣೆಯುತ್ತಾ ಒಂದೊಂದು ಕಾರಣ ತಿಳಿಯಿತು. ನನ್ನ ಬೋಟಿಗೆ ಥರ್ಮಾಕೋಲ್ ತುಂಬಿಸಬೇಕಾಯಿತು, ಬಿದಿರಿಗೆ ಬೇಕಿಲ್ಲ, ಅದರ ಒಳಗೇ ಗಾಳಿ ಇದೆ, ನೀರು ತುಂಬಿದರೂ ಹಿಡಿದುಕೊಂಡು ತೇಲಬಹುದು. ನನ್ನ ಬೋಟು ಬಂಡೆಗೆ ಬಡಿದರೆ ನೆಗ್ಗುತ್ತೆ, ಹರಿಗೋಲು ಬಗ್ಗಿ ಮತ್ತೆ ಎದ್ದು ನಿಲ್ಲುತ್ತೆ. ನನ್ನದು ಒಡೆದರೆ ಆರ್ಗಾನ್ ಸಿಲಿಂಡರಿಗೆ ಗಂಗಾವತಿಗೆ ಬರಬೇಕು. ಇದು ಹರಿದರೆ ಒಂದು ತುಂಡು ಪ್ಲಾಸ್ಟಿಕ್ಕು, ಒಂದಿಷ್ಟು ಡಾಂಬರು, ಮೂರು ಕಲ್ಲಿನ ಒಲೆ ಸಾಕು.

ಹಾಗಂತ ಹರಿಗೋಲೇ ಶ್ರೇಷ್ಠ, ಅಲ್ಯೂಮಿನಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಿದಿರಿನದು ಕೆಲವೇ ಮಳೆಗಾಲ ಬಾಳುತ್ತೆ, ವರ್ಷಾ ವರ್ಷಾ ಡಾಂಬರು ಬೇಕು. ನನ್ನ ಬೋಟನ್ನು ಆಮೇಲೆ ರಿಪೇರಿ ಮಾಡಿ, ಬಿರುಕು ಇದ್ದ ಕಡೆ ಹೊರಗಿನಿಂದ ಇನ್ನೊಂದು ಪಟ್ಟಿ ಕೊಟ್ಟು, ಕೆರೆ ಗುತ್ತಿಗೆ ಹಿಡಿದ ಒಬ್ಬ ಗೆಳೆಯನಿಗೆ ಕೊಟ್ಟೆ. ನಿಂತ ನೀರು, ಬಂಡೆ ಇಲ್ಲ, ದಂಡೆ ತನಕ ರಸ್ತೆ ಇದೆ. ಅಲ್ಲಿ ಅದು ರಾಜನ ಹಾಗೆ ಇದೆ. ಕಾಟ್ಲಾ, ರೋಹು ತುಂಬಿದ ಬಲೆ ಎಳೆಯುವಾಗ ಹರಿಗೋಲು ಒಂದು ಕಡೆ ವಾಲುತ್ತೆ, ಅದು ಅಲುಗಾಡುವುದಿಲ್ಲ. ಹೊಳಿ ನೋಡಿ ದೋಣಿ ಮಾಡಬೇಕು ಅಂತ ಕಾಕಾ ಹೇಳುವುದು ಇದಕ್ಕೇ. ನಾನು ದೋಣಿ ನೋಡಿ ದೋಣಿ ಮಾಡಿದ್ದೆ.

ಕಾಕಾನ ಭುಜ ಏನಾಯಿತು ಅಂತ ನೀವು ಕೇಳಬಹುದು. ವಾಸಿ ಆಗಲಿಲ್ಲ. ಆಗುವ ವಯಸ್ಸೂ ಅಲ್ಲ. ನಾನು ತಪ್ಪು ತಿಳಿದುಕೊಂಡಿದ್ದು ಅಲ್ಲೇ. ಒಬ್ಬನೇ ದೋಣಿ ನಡೆಸಬೇಕು ಅಂತ ಅವನಿಗೆ ಹಟ ಇರಲಿಲ್ಲ. ಹುಟ್ಟು ಹಿಡಿಯುವ ಇನ್ನೊಂದು ಕೈ ಮನೆಯಲ್ಲಿ ಇಲ್ಲವಲ್ಲ ಅನ್ನೋದು ಅವನ ಸಂಕಟ. ಅದನ್ನು ಬಾಯಿಬಿಟ್ಟು ಹೇಳುವವನಲ್ಲ, ಅದಕ್ಕೇ ದಂಡೆ ಮೇಲೆ ಹೋಗಿ ಕೂರುತ್ತಿದ್ದ. ನಾನು ಮಷೀನು ಕೊಟ್ಟು ತಪ್ಪಿಸಿಕೊಳ್ಳಲಿಕ್ಕೆ ನೋಡಿದೆ.

ಈಗ ಭಾನುವಾರ ಬೆಳಗಿನ ಜಾವ ನಾನು ಹುಟ್ಟು ಹಾಕುತ್ತೀನಿ. ಇನ್ನೂ ಗಿರಕಿ ಹೊಡೆಯುತ್ತೆ, ಪಾಯೆಸ್ ನೋಡಿದ್ದರೆ ನನ್ನ ಬಗ್ಗೆಯೇ ಬರೆದ ಅನ್ನಬೇಕು. ಕಾಕಾ ಎದುರಿಗೆ ಕೂತು ಎಡಗೈಯಲ್ಲಿ ಬಲೆ ಬಿಡುತ್ತಾನೆ. "ಎಳಿಬ್ಯಾಡೋ, ನೀರು ಒಯ್ಯಲಿ, ನೀ ಬರೇ ಹೇಳು" ಅನ್ನುತ್ತಿರುತ್ತಾನೆ. ನನ್ನ ಹನ್ನೊಂದು ವರ್ಷದ ಮಗಳು ಒಂದು ದಿನ ಬಂದಿದ್ದಳು. ಅಳತೆಯ ನೋಟ್‌ಬುಕ್ಕನ್ನು ಈಗ ಅವಳೇ ಬರೆಯುತ್ತಾಳೆ. ಕಾಕಾ ಅವಳ ಮೊಳ ಹಿಡಿದು ನೋಡಿ, "ಇದಕ್ಕ ಮೂರೂವರಿ ಸಾಕು" ಅಂದಿದ್ದಾನೆ. ಮುಂದಿನ ಬಿದಿರು ಅದಕ್ಕೆ.

ಕೊನೆಯದಾಗಿ ಎರಡು ಮಾತು. ಆನೆಗೊಂದಿ, ಹಂಪಿ ಕಡೆ ಬಂದು ಹರಿಗೋಲು ಹತ್ತುವವರು ದಯವಿಟ್ಟು ಲೈಫ್ ಜಾಕೆಟ್ ಹಾಕಿಕೊಳ್ಳಿ. ಡ್ಯಾಂನಿಂದ ನೀರು ಬಿಟ್ಟಿದ್ದಾರೆ, ಇವತ್ತು ಬೇಡ ಅಂತ ಅಂಬಿಗ ಅಂದರೆ ಅವನ ಜೊತೆ ವಾದ ಮಾಡಬೇಡಿ, ಹೆಚ್ಚು ದುಡ್ಡು ತೋರಿಸಬೇಡಿ. ಇನ್ನೊಂದು, ನಿಮ್ಮ ಮನೆಯಲ್ಲಿ ಕಸುಬು ಬಲ್ಲ ಹಿರಿಯರಿದ್ದರೆ, ಅವರಿಗೆ ಏನಾದರೂ ಮಾಡಿಕೊಡುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು ಅವರು ಹೇಗೆ ಮಾಡುತ್ತಾರೆ ಅಂತ ಕೇಳಿ. ನಾನು ನಾಲ್ಕು ಹಾಳೆ ಅಲ್ಯೂಮಿನಿಯಂ ಖರ್ಚು ಮಾಡಿ ಕಲಿತದ್ದು ಅದು. ನಿಮಗೆ ಪುಕ್ಕಟೆ ಹೇಳಿದ್ದೀನಿ.